ಗಣಿಕೆಲಸಗಾರನಾದ ಥಾಮಸ್ ಬರ್ಟನ ಚರಿತ್ರೆ

ಬಡತನದಲ್ಲಿ ಹುಟ್ಟಿ ದೊಡ್ಡ ಪದವಿಗೆ ಏರಿದವರ ಚರಿತ್ರೆಗಳು ಲೋಕದಲ್ಲಿ ಅನೇಕ ಉಂಟು. ಆದರೆ ಏರಿದ ಮೇಲೆ ತಮ್ಮ ಜನರನ್ನು ಮರೆಯದೆ, ಅವರಿಗೆ ಹಿತವಾದ ಮಾತನ್ನು ಅವರು ಮೆಚ್ಚದಿದ್ದಾಗಲೂ ಹೇಳಿ, ಕಡೆಯ ತನಕ ಅವರ ನಂಬಿಕೆಯನ್ನು ಉಳಿಸಿಕೊಂಡವರು ಕೊಂಚ ಮಂದಿಯೇ. ಅಂಥವರಲ್ಲಿ ಇಂಗ್ಲೆಂಡ್ ದೇಶದ ಥಾಮಸ್ ಬರ್ಟನು ಒಬ್ಬನು. ಆತನು ಹತ್ತು ವರುಷದ ಹುಡುಗನಾಗಿ ಕಲ್ಲಿದ್ದಲಿನ ಗಣಿಗೆ ಇಳಿದನು. ನಾಲ್ವತ್ತನಾಲ್ಕು ವರುಷ ಪಾರ್ಲಿಮೆಂಟಿನಲ್ಲಿ ಕೂತನು. ಎಂಭತ್ತನಾಲ್ಕನೆಯ ವಯಸ್ಸಿನಲ್ಲಿ ತನ್ನ ಸೀಮೆಯಲ್ಲಿಯೇ ತೀರಿಕೊಂಡನು. ಆತನ ಚರಿತ್ರೆಯನ್ನು ನಮ್ಮ ಹಳ್ಳಿಯ ಸಭೆಗಳವರಿಗೆ ಸಂಕ್ಷೇಪವಾಗಿ ತಿಳಿಸಬೇಕೆಂದು ಇದನ್ನು ಬರೆಯುತ್ತೇವೆ.

೧. ಹುಟ್ಟಿದ ಮನೆ

ಇಂಗ್ಲೆಂಡಿನ ಉತ್ತರದ ತುದಿಯಲ್ಲಿ ನಾರ್ಥಂಬರ್ಲೆಂಡ್ ಎಂಬ ಸೀಮೆಯಿದೆ. ಅದರ ದಕ್ಷಿಣಕ್ಕೆ ಡರ್ಹಾಮ್ ಸೀಮೆ. ಈ ಎರಡು ಸೀಮೆಗಳ ನೆಲದ ಕೆಳಗೆ ಕಲ್ಲಿದ್ದಲು ಹೇರಳವಾಗಿದ್ದದರಿಂದ ಅಲ್ಲಿಯ ಜನರು ತಲೆತಲಾಂತರದಿಂದ ಗಣಿಕೆಲಸವನ್ನೇ ಮಾಡುತ್ತಾ ಬಂದರು. ನಾರ್ಥಂಬರ್ಲೆಂಡಿನ ಮರ್ಟನ್ ರೋ ಎಂಬ ಚಿಕ್ಕ ಕೇರಿಯಲ್ಲಿ ೧೮೩೭ನೆಯ ಇಸವಿ ನವೆಂಬರ್ ೧೨ರಲ್ಲಿ ಥಾಮಸ್ ಬರ್ಟನು ಹುಟ್ಟಿದನು. ತಂದೆಯಾದ ಪೀಟರ್ ಬರ್ಟನು ಗಣಿಯೊಳಗೆ ಕಲ್ಲಿದ್ದಲು ಕಡಿಯುವವನು. ತಾಯಿ ರೆಬೆಕ್ಕಳು ವೆದರ್‌ಬರ್ನ್ ಎಂಬ ಮನೆತನದವಳು.

ಈ ಮನೆಯವರು ಪ್ರಿಮಿಟಿವ್ ಮೆಥೊಡಿಸ್ಟ್ ಸಭೆಗೆ ಸೇರಿದವರು. ಆ ಸಭೆಯಲ್ಲಿ ದೊಡ್ಡ ಮನುಷ್ಯರು ಇರಲಿಲ್ಲ. ಕೂಲಿಯಾಳುಗಳೂ ಗಣಿಯವರೂ ಒಕ್ಕಲಿಗರೂ ಕೂಡಿ ಸಣ್ಣ ಪ್ರಾರ್ಥನಾಲಯಗಳನ್ನು ಕಟ್ಟಿಸಿಕೊಂಡು, ತಮ್ಮೊಳಗಿಂದಲೇ ಬೋಧಕರನ್ನು ಎಬ್ಬಿಸಿಕೊಳ್ಳುತ್ತಿದ್ದರು. ಪೀಟರ್ ಬರ್ಟನು ಅಂಥ ಸಂಬಳವಿಲ್ಲದ ಬೋಧಕರಲ್ಲಿ ಒಬ್ಬನು. ಆರು ದಿವಸ ನೆಲದ ಕೆಳಗೆ ದುಡಿದು ಏಳನೆಯ ದಿವಸ ಮೈಲಿಗಟ್ಟಳೆ ನಡೆದು ಬೋಧಿಸುವದು ಇವರ ವಾಡಿಕೆ. ಬೋಧಿಸಬೇಕಾದರೆ ಓದಬೇಕು, ಲೆಕ್ಕ ಬರೆಯಬೇಕಾದರೆ ಅಕ್ಷರ ಬೇಕು, ಹತ್ತು ಜನರ ಮುಂದೆ ನಿಂತು ಮಾತಾಡುವದಕ್ಕೆ ಧೈರ್ಯ ಬೇಕು. ಹೀಗೆ ಗಣಿಯವರ ಪ್ರಾರ್ಥನಾಲಯವೇ ಅವರಿಗೆ ಶಾಲೆಯೂ ಆಯಿತು. ಮುಂದೆ ಆ ಸೀಮೆಯಲ್ಲಿ ಕೆಲಸಗಾರರ ಸಂಘಗಳನ್ನು ನಡಿಸಿದ ಮುಖ್ಯಸ್ಥರಲ್ಲಿ ಅನೇಕರು ಇಂಥ ಮನೆಗಳಿಂದಲೇ ಬಂದರು.

ಆ ಕಾಲದಲ್ಲಿ ಗಣಿಯವರು ವರುಷಕ್ಕೊಮ್ಮೆ ಯಜಮಾನನ ಕರಾರಿಗೆ ರುಜು ಹಾಕಬೇಕಾಗಿತ್ತು. ಅಕ್ಷರ ಅರಿಯದವರು ಗುರುತು ಹಾಕಿದರೂ ಸಾಕು. ಒಮ್ಮೆ ಹಾಕಿದ ಮೇಲೆ ವರುಷ ಮುಗಿಯುವ ತನಕ ಬಿಟ್ಟುಹೋಗಕೂಡದು, ಹೋದರೆ ಸೆರೆಮನೆ. ವಾಸದ ಮನೆಯೂ ಯಜಮಾನನದೇ. ಕೆಲಸ ಹೋದ ದಿವಸ ಮನೆಯೂ ಹೋಯಿತು. ೧೮೪೪ರಲ್ಲಿ ಎರಡು ಸೀಮೆಗಳ ಗಣಿಯವರು ಕರಾರಿನ ವಿಷಯವಾಗಿ ಕೆಲಸ ನಿಲ್ಲಿಸಿ ಸುಮಾರು ನಾಲ್ಕು ತಿಂಗಳು ಹಟದಿಂದ ನಿಂತರು. ಆಗ ಯಜಮಾನರು ಆಳುಗಳನ್ನು ಕಳುಹಿಸಿ, ಮನೆಮನೆಗೂ ನುಗ್ಗಿಸಿ, ಮಂಚ ಪಾತ್ರೆಗಳನ್ನು ಬೀದಿಗೆ ಎಳೆಯಿಸಿದರು. ಬಾಣಂತಿಯರೂ ಮುದುಕರೂ ರಸ್ತೆಯ ಬದಿಯಲ್ಲಿ ಕಂಬಳಿ ಕಟ್ಟಿಕೊಂಡು ಇದ್ದರು. ಸೆಗ್‌ಹಿಲ್ ಎಂಬ ಊರಿನಲ್ಲಿದ್ದ ಬರ್ಟನ ತಂದೆತಾಯಿಗಳು ಕೂಡ ಹೀಗೆ ಹೊರಗೆ ಹಾಕಲ್ಪಟ್ಟರು. ಥಾಮಸನಿಗೆ ಆಗ ಏಳು ವರುಷ ತುಂಬಿರಲಿಲ್ಲ. ಕಡೆಗೆ ಕೆಲಸಗಾರರೇ ಸೋತರು. ಅವರ ಸಂಘವು ಮುರಿದುಹೋಯಿತು. ಸಂಘದ ಪಕ್ಷವಾಗಿ ನಿಂತವರಿಗೆ ಕೆಲಸ ಕೊಡುವವರಿಲ್ಲದ್ದರಿಂದ ಪೀಟರ್ ಬರ್ಟನು ಹೆಂಡತಿ ಮಕ್ಕಳನ್ನು ಕರಕೊಂಡು ಊರೂರು ತಿರುಗಿ ಡರ್ಹಾಮ್ ಸೀಮೆಗೆ ಹೋಗಬೇಕಾಯಿತು.

೨. ಕತ್ತಲೆಯ ಕೆಲಸ

೧೮೪೨ರಲ್ಲಿ ಆದ ಒಂದು ಕಾಯಿದೆಯ ಪ್ರಕಾರ ಹೆಂಗಸರೂ ಹತ್ತು ವರುಷಕ್ಕೆ ಒಳಗಿನ ಹುಡುಗರೂ ಗಣಿಯೊಳಗೆ ದುಡಿಯಕೂಡದು. ಹತ್ತು ವರುಷ ತುಂಬಿದ ಕೂಡಲೆ ಬಡವರ ಮಕ್ಕಳು ಇಳಿಯುತ್ತಿದ್ದರು. ಥಾಮಸನು ೧೮೪೮ರಲ್ಲಿ ಡರ್ಹಾಮಿನ ಹ್ಯಾಸ್ವೆಲ್ ಗಣಿಗೆ ಇಳಿದನು. ಅದೇ ಗಣಿಯಲ್ಲಿ ನಾಲ್ಕು ವರುಷಗಳ ಹಿಂದೆ ಉರಿಯುವ ಗಾಳಿಯು ಸಿಡಿದು ೯೫ ಮಂದಿ ಗಂಡಸರೂ ಹುಡುಗರೂ ಸತ್ತಿದ್ದರು. ಅದನ್ನು ಬಲ್ಲ ತಾಯಿಯು ಮಗನಿಗೆ ಬುತ್ತಿ ಕಟ್ಟಿಕೊಟ್ಟು ಕಳುಹಿಸುವಾಗ ಆಕೆಯ ಹೃದಯವು ಹೇಗಿದ್ದಿರಬೇಕೆಂದು ನಮ್ಮ ತಾಯಂದಿರು ತಿಳಿಯಬಲ್ಲರು.

ಮೊದಲು ಆತನಿಗೆ ಸಿಕ್ಕಿದ್ದು ಬಾಗಿಲು ಕಾಯುವ ಕೆಲಸ. ಗಣಿಯೊಳಗೆ ಒಳ್ಳೆಯ ಗಾಳಿಯು ಬೇಕಾದ ದಾರಿಯಲ್ಲಿಯೇ ಹರಿಯುವಂತೆ ಅಲ್ಲಲ್ಲಿ ಮರದ ಬಾಗಿಲುಗಳಿರುತ್ತವೆ. ಕಲ್ಲಿದ್ದಲಿನ ಬಂಡಿ ಬಂದಾಗ ಹಗ್ಗವನ್ನು ಎಳೆದು ಬಾಗಿಲು ತೆರೆಯಬೇಕು. ಹೋದ ಕೂಡಲೆ ಮುಚ್ಚಬೇಕು. ಮರೆತು ತೆರೆದೇ ಬಿಟ್ಟರೆ ಕೆಟ್ಟ ಗಾಳಿಯು ಕೂಡಿಕೊಂಡು ಎಲ್ಲರ ಪ್ರಾಣಕ್ಕೆ ಅಪಾಯ. ನೂರಾರು ಜನರ ಜೀವವು ಹೀಗೆ ಒಬ್ಬ ಹುಡುಗನ ಎಚ್ಚರಿಕೆಯಲ್ಲಿತ್ತು. ಆ ಹುಡುಗನಾದರೋ ಬೆಳಗಿನ ಜಾವದಿಂದ ಸಂಜೆಯ ವರೆಗೂ ಕತ್ತಲೆಯಲ್ಲಿ ಒಬ್ಬನೇ ಕೂತಿರುವನು. ಚಳಿಗಾಲದಲ್ಲಿ ಸೂರ್ಯನ ಮುಖವನ್ನು ಕಾಣುವದು ಆದಿತ್ಯವಾರದಲ್ಲಿ ಮಾತ್ರ.

ಬಳಿಕ ಆತನು ಕತ್ತೆಗಳನ್ನು ಹೊಡೆದನು, ನೀರು ಸಾಗಿಸಿದನು, ತುಂಬಿದ ಬಂಡಿಗಳನ್ನು ತಳ್ಳಿದನು, ಪ್ರಾಯಕ್ಕೆ ಬಂದಾಗ ತಂದೆಯಂತೆ ಕಲ್ಲಿದ್ದಲು ಕಡಿಯುವವನಾದನು. ಈ ಪ್ರಕಾರ ಸುಮಾರು ಹದಿನೇಳು ವರುಷ ನೆಲದ ಕೆಳಗೆ ದುಡಿದನು. ಗಣಿಯವರ ವಿಷಯವನ್ನು ಮುಂದೆ ಆತನು ಪಾರ್ಲಿಮೆಂಟಿನಲ್ಲಿ ಎತ್ತಿದಾಗ, ಪುಸ್ತಕದಿಂದ ಕಲಿತು ಹೇಳುತ್ತಾನೆಂದು ಯಾರೂ ಅನ್ನಲಾರದೆ ಹೋದರು.

ಶಾಲೆಯಲ್ಲಿ ಆತನು ಕಲಿತದ್ದು ಬಹು ಅಲ್ಪ. ಆದರೆ ಪ್ರಾಯಕ್ಕೆ ಬರುತ್ತಿರುವಾಗ ಓದಿನ ಹಸಿವು ಆತನನ್ನು ಹಿಡಿಯಿತು. ದುಡಿದು ದಣಿದು ಬಂದು, ಮೈ ತೊಳೆದು, ಊಟವಾದ ಮೇಲೆ ಪುಸ್ತಕ ಹಿಡಿದು ಕೂರುವನು. ಕೈಯಲ್ಲಿ ನಾಲ್ಕು ಕಾಸು ಕೂಡಿದರೆ ನ್ಯೂಕ್ಯಾಸಲ್ ಪಟ್ಟಣಕ್ಕೆ ನಡೆದುಹೋಗಿ ಹಳೆಯ ಪುಸ್ತಕಗಳನ್ನು ಕೊಂಡು ಬರುವನು. ಹೋಗಿ ಬರುವದಕ್ಕೆ ಹದಿನೆಂಟು ಮೈಲಿ. ಮಿಲ್ಟನನ ಕಾವ್ಯವನ್ನೂ ಗಿಬ್ಬನನು ಬರೆದ ರೋಮ್ ರಾಜ್ಯದ ಚರಿತ್ರೆಯನ್ನೂ ಆತನು ಹೀಗೆ ಓದಿದನು. ಮದ್ಯವನ್ನು ಮುಟ್ಟುವದಿಲ್ಲವೆಂದು ಯೌವನದಲ್ಲಿಯೇ ನಿಶ್ಚಯಮಾಡಿದ್ದದರಿಂದ, ಜೊತೆಗಾರರು ಪಾನದಂಗಡಿಯಲ್ಲಿ ಕಳೆಯುವ ಹಣವೂ ಹೊತ್ತೂ ಆತನಿಗೆ ಪುಸ್ತಕಕ್ಕಾಗಿ ಉಳಿದವು.

೩. ಮದುವೆಯೂ ಹಾರ್ಟ್ಲಿಯ ವಿಪತ್ತೂ

೧೮೬೦ರಲ್ಲಿ ಬರ್ಟನು ತನ್ನ ತಾಯಿಯ ಮನೆತನದವಳಾದ ಮೇರಿ ವೆದರ್‌ಬರ್ನಳನ್ನು ಮದುವೆಯಾಗಿ, ಚಾಪಿಂಗ್ಟನ್ ಎಂಬ ಗಣಿಯ ಊರಿನಲ್ಲಿ ಒಕ್ಕಲು ಹೂಡಿದನು. ಅವರಿಗೆ ಅನೇಕ ಮಕ್ಕಳಾದರು. ಗಣಿಯವನ ಹೆಂಡತಿಯ ಕಷ್ಟವು ಸಾಮಾನ್ಯವಲ್ಲ. ಗಂಡನನ್ನು ನಡುರಾತ್ರಿ ಕಳುಹಿಸುವದು, ಆತನು ಬರುವ ಹೊತ್ತಿಗೆ ನೀರು ಕಾಯಿಸುವದು, ಬಟ್ಟೆಯ ಮಸಿ ತೊಳೆಯುವದು ಎಂದಿಗೂ ಮುಗಿಯದ ಕೆಲಸ. ಇದೆಲ್ಲಕ್ಕಿಂತ ದೊಡ್ಡದು, ಇಳಿದವನು ತಿರಿಗಿ ಮೇಲೆ ಬರುವನೋ ಇಲ್ಲವೋ ಎಂಬ ಭಯ. ಈ ಭಯವು ಸುಳ್ಳಲ್ಲವೆಂಬದು ಮದುವೆಯಾದ ಎರಡನೆಯ ವರುಷದಲ್ಲಿ ಸೀಮೆಗೆಲ್ಲಾ ತಿಳಿದುಬಂತು.

ಸಮುದ್ರದ ದಡದ ಹತ್ತಿರ ಹಾರ್ಟ್ಲಿ ಎಂಬ ಊರಿನಲ್ಲಿ ಒಂದು ಗಣಿಯಿತ್ತು. ಅದಕ್ಕೆ ಇಳಿಯುವದಕ್ಕೂ ಏರುವದಕ್ಕೂ ಗಾಳಿಗೂ ಒಂದೇ ಬಾವಿ. ಬಾವಿಯ ಬಾಯಲ್ಲಿ ನೀರು ಎತ್ತುವ ಯಂತ್ರದ ೪೨ ಟನ್ ತೂಕದ ಕಬ್ಬಿಣದ ತೊಲೆ ತೂಗಾಡುತ್ತಿತ್ತು. ೧೮೬೨ನೆಯ ಇಸವಿ ಜನವರಿ ೧೬ರಂದು ಬೆಳಿಗ್ಗೆ, ಮೊದಲಿನ ತಂಡದವರು ಮೇಲೆ ಬರುವದಕ್ಕೂ ಎರಡನೆಯ ತಂಡದವರು ಕೆಲಸ ಹಿಡಿಯುವದಕ್ಕೂ ಸರಿಯಾದ ಹೊತ್ತಿನಲ್ಲಿ, ಆ ತೊಲೆಯು ನಡುವೆ ಮುರಿದು ಅರ್ಧ ಭಾಗವು ಬಾವಿಯೊಳಗೆ ಬಿತ್ತು. ಮೇಲಕ್ಕೆ ಬರುತ್ತಿದ್ದ ಎಂಟು ಮಂದಿಯಲ್ಲಿ ಐವರು ಸತ್ತರು. ಬಾವಿಯು ಮರಗಳಿಂದಲೂ ಕಲ್ಲುಗಳಿಂದಲೂ ಮುಚ್ಚಿಹೋಯಿತು. ಕೆಳಗೆ ೧೯೯ ಮಂದಿ ಸಿಕ್ಕಿಕೊಂಡರು. ಸುತ್ತಲಿನ ಗಣಿಗಳವರು ಹಗಲಿರುಳು ಸರತಿಯ ಮೇಲೆ ಅಗೆದರು. ಹೆಂಗಸರು ಚಳಿಯಲ್ಲಿ ಬಾವಿಯ ಸುತ್ತಲೂ ಕಾದುಕೊಂಡು ನಿಂತರು. ಆರು ದಿವಸಗಳ ಮೇಲೆ ದಾರಿ ತೆರೆದಾಗ ಒಬ್ಬನಾದರೂ ಜೀವದಿಂದಿರಲಿಲ್ಲ. ವಿಷಗಾಳಿಯಿಂದ ನಿದ್ರೆಹೋದವರಂತೆ ಸಾಲುಸಾಲಾಗಿ ಒರಗಿದ್ದರು. ತಂದೆಗಳು ಗಂಡುಮಕ್ಕಳನ್ನು ತಬ್ಬಿಕೊಂಡಿದ್ದರು. ಒಬ್ಬ ಮೇಸ್ತ್ರಿಯ ಜೇಬಿನ ಪುಸ್ತಕದಲ್ಲಿ, ತಾವೆಲ್ಲರೂ ಕೂಡಿ ಪ್ರಾರ್ಥನಾಕೂಟ ನಡಿಸಿದೆವೆಂದು ಬರೆದಿದ್ದದ್ದು ಸಿಕ್ಕಿತು.

ಸತ್ತವರು ಒಟ್ಟು ೨೦೪ ಮಂದಿ. ಎರಡನೆಯ ಬಾವಿಯೊಂದು ಇದ್ದಿದ್ದರೆ ಕೆಳಗೆ ಸಿಕ್ಕಿದವರು ಅದರಿಂದ ಹೊರಗೆ ಬರುತ್ತಿದ್ದರು. ಅದೇ ವರುಷದ ಆಗಸ್ಟ್ ತಿಂಗಳಲ್ಲಿ, ಎರಡು ಬಾವಿಗಳಿಲ್ಲದ ಗಣಿಯಲ್ಲಿ ಕೆಲಸ ನಡಿಸಕೂಡದೆಂದು ಕಾಯಿದೆಯಾಯಿತು. ವಿಧವೆಯರಿಗೂ ತಬ್ಬಲಿಗಳಿಗೂ ಸಹಾಯವಾಗುವಂತೆ ನಾರ್ಥಂಬರ್ಲೆಂಡ್ ಮತ್ತು ಡರ್ಹಾಮ್ ಗಣಿಯವರು ಸ್ಥಿರವಾದ ಒಂದು ನಿಧಿಯನ್ನೂ ಕಟ್ಟಿದರು. ಹೀಗೆ ಆ ಕಾಲದಲ್ಲಿ ಕಾಯಿದೆಗಳು ಹೆಣಗಳ ಹಿಂದೆ ನಡೆದು ಬರುತ್ತಿದ್ದವು. ಹೆಣಗಳು ಬೀಳುವದಕ್ಕೆ ಮೊದಲೇ ಕಾಯಿದೆ ಬರಬೇಕಾದರೆ ಗಣಿಯ ಒಳಗನ್ನು ಬಲ್ಲ ಒಬ್ಬನು ಕಾಯಿದೆ ಮಾಡುವ ಸ್ಥಳದಲ್ಲಿ ಇರಬೇಕೆಂಬ ಯೋಚನೆಯು ಕೆಲಸಗಾರರಲ್ಲಿ ಬಲವಾಯಿತು.

೪. ಸಂಘದ ಕೆಲಸ

೧೮೬೫ರಲ್ಲಿ ನಾರ್ಥಂಬರ್ಲೆಂಡ್ ಗಣಿಯವರು ತಮ್ಮ ಹೊಸ ಸಂಘಕ್ಕೆ ಬರ್ಟನನ್ನು ಕಾರ್ಯದರ್ಶಿಯನ್ನಾಗಿ ಆರಿಸಿದರು. ಆತನ ವಯಸ್ಸು ಆಗ ೨೭. ಅಂದಿನಿಂದ ಆತನು ಗಣಿಗೆ ಇಳಿಯುವದು ನಿಂತಿತು. ಆತನು ಕೆಲಸ ಹಿಡಿದ ಸ್ವಲ್ಪ ಕಾಲದಲ್ಲಿಯೇ ಕ್ರಾಮ್ಲಿಂಗ್ಟನ್ ಎಂಬಲ್ಲಿ ಮುಷ್ಕರವಾಗಿ, ಯಜಮಾನರು ಜನರನ್ನು ಮನೆಗಳಿಂದ ಹೊರಡಿಸಿ, ದಕ್ಷಿಣದ ಕಾರ್ನ್‌ವಾಲ್ ಸೀಮೆಯಿಂದ ಬೇರೆ ಗಣಿಯವರನ್ನು ಬರಮಾಡಿದರು. ಇದೇ ಕಾರ್ನ್‌ವಾಲ್ ಸೀಮೆಯವರು ಕೆಲವರು ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಬಂದರೆಂಬದನ್ನು ವಾಚಕರು ಬಲ್ಲರು. ಬಾಲ್ಯದಲ್ಲಿ ಸೆಗ್‌ಹಿಲ್‌ನಲ್ಲಿ ಕಂಡದ್ದನ್ನೇ ಬರ್ಟನು ತಿರಿಗಿ ಕಂಡನು. ಇಂಥ ಸಮಯದಲ್ಲಿ ಕೋಪವನ್ನು ಎಬ್ಬಿಸುವದು ಸುಲಭ, ತಡೆಯುವದು ಕಷ್ಟ. ಆತನು ಎರಡನೆಯದನ್ನೇ ಆರಿಸಿಕೊಂಡನು. ಯಜಮಾನರ ಸಂಗಡ ಕೂತು ಲೆಕ್ಕ ತೋರಿಸಿ, ನ್ಯಾಯವಾದದ್ದನ್ನು ಮಾತಿನಿಂದಲೇ ಪಡೆಯಬೇಕು, ಉಪಾಯ ಉಳಿಯದಿದ್ದಾಗ ಮಾತ್ರ ಕೆಲಸ ನಿಲ್ಲಿಸಬೇಕು ಎಂಬದು ಆತನ ನಡವಳಿಕೆ. ಕೆಲವು ವರುಷಗಳೊಳಗೆ ಆ ಸೀಮೆಯ ಯಜಮಾನರೇ ಸಂಘದವರನ್ನು ಕರೆದು ಸಮಾನವಾಗಿ ಕೂರಿಸಿಕೊಂಡು ಮಾತಾಡುವಂತಾಯಿತು.

೫. ಪಾರ್ಲಿಮೆಂಟಿನಲ್ಲಿ

೧೮೭೪ರ ಚುನಾವಣೆಯಲ್ಲಿ ಮಾರ್ಪೆತ್ ಎಂಬ ಪಟ್ಟಣದ ಕ್ಷೇತ್ರಕ್ಕೆ ಗಣಿಯವರು ಬರ್ಟನನ್ನು ನಿಲ್ಲಿಸಿದರು. ಆ ಕ್ಷೇತ್ರಕ್ಕೆ ಸುತ್ತಲಿನ ಗಣಿಯ ಹಳ್ಳಿಗಳೂ ಸೇರಿದ್ದವು. ಗುಟ್ಟಾಗಿ ಚೀಟಿ ಹಾಕುವ ಪದ್ಧತಿಯು ೧೮೭೨ರಲ್ಲಿಯೇ ಬಂದಿದ್ದರಿಂದ ಯಜಮಾನನ ಭಯವಿಲ್ಲದೆ ಜನರು ಮತ ಕೊಟ್ಟರು. ಬರ್ಟನಿಗೆ ೩,೩೩೨ ಮತಗಳೂ ಎದುರಾಳಿಗೆ ೫೮೫ ಮತಗಳೂ ಬಂದವು. ಅದೇ ಚುನಾವಣೆಯಲ್ಲಿ ಸ್ಟ್ಯಾಫರ್ಡ್ ಪಟ್ಟಣದಿಂದ ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡ್ ಎಂಬ ಮತ್ತೊಬ್ಬ ಗಣಿಯವನು ಗೆದ್ದನು. ಇವರಿಬ್ಬರೇ ಪಾರ್ಲಿಮೆಂಟಿಗೆ ಹೋದ ಮೊದಲನೆಯ ಗಣಿಯವರು. ಸದಸ್ಯರಿಗೆ ಸರ್ಕಾರದ ಸಂಬಳವು ೧೯೧೧ರ ವರೆಗೂ ಇರಲಿಲ್ಲ. ಆದಕಾರಣ ಬಡವನು ಅಲ್ಲಿ ಕೂರುವದು ಅಸಾಧ್ಯವಾಗಿತ್ತು. ನಾರ್ಥಂಬರ್ಲೆಂಡ್ ಗಣಿಯವರು ತಮ್ಮ ಕೂಲಿಯಿಂದ ಪಾಲು ತೆಗೆದು ಬರ್ಟನಿಗೆ ವರುಷಕ್ಕೆ ೫೦೦ ಪೌಂಡು ಕೊಟ್ಟರು. ಪ್ರಭುಗಳ ಮಕ್ಕಳೂ ಸಾಹುಕಾರರೂ ತುಂಬಿದ ಆ ಸಭೆಯಲ್ಲಿ ಕುಳ್ಳಗಿನ ಈ ಮನುಷ್ಯನು ತನ್ನ ಸೀಮೆಯ ಒರಟು ಉಚ್ಚಾರಣೆಯಲ್ಲಿಯೇ ಮಾತಾಡಿದನು. ಆದಾಗ್ಯೂ ಆತನು ಎದ್ದು ನಿಂತಾಗ ಸಭೆಯು ಕಿವಿಗೊಟ್ಟಿತು. ಯಾಕಂದರೆ ಆತನು ತಿಳಿಯದ ಸಂಗತಿಯನ್ನು ಆಡುತ್ತಿರಲಿಲ್ಲ, ತಿಳಿದದ್ದನ್ನು ಹೆಚ್ಚಿಸಿಯೂ ಹೇಳುತ್ತಿರಲಿಲ್ಲ.

ಹಳ್ಳಿಗಳ ಕೆಲಸಗಾರರಿಗೂ ಮತದ ಹಕ್ಕು ಬೇಕೆಂದು ಆತನು ಮೊದಲನೆಯ ವರುಷದಲ್ಲಿಯೇ ವಾದಿಸಿದನು. ಅದು ೧೮೮೪ರಲ್ಲಿ ಸಿಕ್ಕಿತು. ಕೆಲಸದಲ್ಲಿ ಗಾಯಪಟ್ಟವನಿಗೆ ಯಜಮಾನನು ಪರಿಹಾರ ಕೊಡಬೇಕೆಂಬ ೧೮೮೦ರ ಕಾಯಿದೆಗಾಗಿ ದುಡಿದನು. ಗಣಿಯ ಅಪಘಾತಗಳನ್ನು ವಿಚಾರಿಸುವದಕ್ಕೆ ೧೮೭೯ರಲ್ಲಿ ನೇಮಕವಾದ ಮಂಡಲಿಯಲ್ಲಿ, ಹಿಂದೆ ಬಾಗಿಲು ಕಾದ ಹುಡುಗನಾಗಿದ್ದ ಈತನು ವಿದ್ವಾಂಸರ ಸಮಕ್ಕೆ ಕೂತನು. ೧೮೯೨ರಿಂದ ೧೮೯೫ರ ವರೆಗೆ ವ್ಯಾಪಾರದ ಇಲಾಖೆಯಲ್ಲಿ ಸರ್ಕಾರದ ಕಾರ್ಯದರ್ಶಿಯಾಗಿದ್ದನು. ೧೯೦೬ರಲ್ಲಿ ಅರಸನ ಆಲೋಚನಾಸಭೆಗೆ ಸೇರಿಸಲ್ಪಟ್ಟನು. ೧೯೧೦ರಿಂದ, ಎಡೆಬಿಡದೆ ಬಹುಕಾಲ ಕೂತ ಸದಸ್ಯನಿಗೆ ಸಲ್ಲುವ ಪ್ರಕಾರ, ಪಾರ್ಲಿಮೆಂಟಿನ ತಂದೆ ಎಂಬ ಹೆಸರು ಆತನದಾಯಿತು. ಡರ್ಹಾಮಿನ ವಿಶ್ವವಿದ್ಯಾಲಯವು ಆತನಿಗೆ ಪಂಡಿತರ ಪದವಿಯನ್ನು ಕೊಟ್ಟಿತು. ದೇಶದೇಶಗಳ ವ್ಯಾಜ್ಯಗಳು ಯುದ್ಧದಿಂದಲ್ಲ, ಪಂಚಾಯತಿಯಿಂದ ತೀರಬೇಕೆಂದು ಆತನು ಬಹಳ ವರುಷ ಪ್ರಯಾಸಪಟ್ಟನು. ದಕ್ಷಿಣ ಆಫ್ರಿಕಾದಲ್ಲಿ ಬೋವರರ ಸಂಗಡ ೧೮೯೯ರಲ್ಲಿ ಯುದ್ಧವೆದ್ದಾಗ, ಜನರೆಲ್ಲರೂ ಅದನ್ನು ಹೊಗಳುತ್ತಿದ್ದರೂ, ಆತನು ಒಪ್ಪಲಿಲ್ಲ.

೬. ತನ್ನವರ ಎದುರಿಗೆ ನಿಂತದ್ದು

ಆದರೆ ಬರ್ಟನ ನಿಜವಾದ ಪರೀಕ್ಷೆಯು ಪ್ರಭುಗಳ ಮುಂದೆ ಅಲ್ಲ, ತನ್ನ ಜನರ ಮುಂದೆಯೇ ಆಯಿತು. ೧೮೮೭ರಲ್ಲಿ ಕಲ್ಲಿದ್ದಲಿನ ಬೆಲೆ ಇಳಿದು, ಯಜಮಾನರು ಕೂಲಿಯನ್ನು ತಗ್ಗಿಸಬೇಕೆಂದಾಗ, ಈ ಸಮಯದಲ್ಲಿ ಮುಷ್ಕರ ಹೂಡಿದರೆ ಸೋಲುವಿರೆಂದು ಆತನು ಎಚ್ಚರಿಸಿದನು. ಅವರು ಕೇಳದೆ ಹೂಡಿದರು. ಹದಿನೇಳು ವಾರ ಹಸಿದಿದ್ದು ಸೋತರು. ಹಸಿದವರ ಸಿಟ್ಟು ಎಚ್ಚರಿಸಿದವನ ಮೇಲೆಯೇ ತಿರುಗಿತು. ಆತನಿಗೆ ಕೊಡುವ ಹಣವನ್ನು ನಿಲ್ಲಿಸಬೇಕೆಂಬ ಮಾತೂ ಎದ್ದಿತು. ಆತನು ಯಾರ ಮೇಲೆಯೂ ಹಗೆ ಸಾಧಿಸದೆ ತನ್ನ ಕೆಲಸವನ್ನು ನಡಿಸಿಕೊಂಡು ಹೋದನು. ಕಾಲಕ್ರಮದಲ್ಲಿ ಸಿಟ್ಟು ಇಳಿದು ನಂಬಿಕೆ ಉಳಿಯಿತು.

ಇನ್ನೊಂದು ವ್ಯಾಜ್ಯವು ಇದಕ್ಕಿಂತ ದೀರ್ಘವಾದದ್ದು. ಗಣಿಯೊಳಗೆ ದಿವಸಕ್ಕೆ ಎಂಟು ಗಂಟೆ ಮಾತ್ರ ಕೆಲಸವೆಂದು ಕಾಯಿದೆ ಮಾಡಬೇಕೆಂದು ಬೇರೆ ಸೀಮೆಗಳ ಗಣಿಯವರು ಕೇಳಿದರು. ಬರ್ಟನು ಅದಕ್ಕೆ ವಿರೋಧವಾಗಿ ನಿಂತನು. ಕಾರಣವೇನಂದರೆ, ಆತನ ಸೀಮೆಯಲ್ಲಿ ಕಲ್ಲಿದ್ದಲು ಕಡಿಯುವವರು ಎರಡು ತಂಡವಾಗಿ ತಲಾ ಏಳು ಗಂಟೆಯಷ್ಟೇ ದುಡಿಯುತ್ತಿದ್ದರು. ಬಂಡಿಯ ಕೆಲಸದ ಹುಡುಗರಾದರೋ ಒಂದೇ ತಂಡವಾಗಿ ಎರಡು ತಂಡಗಳಿಗೂ ಸುಮಾರು ಹತ್ತು ಗಂಟೆ ದುಡಿಯುತ್ತಿದ್ದರು. ಹುಡುಗರಿಗೂ ಎಂಟು ಗಂಟೆ ಎಂದು ಗೊತ್ತುಮಾಡಿದರೆ ಈ ಏರ್ಪಾಡು ಕೆಡುವದು. ಹಗಲು ರಾತ್ರಿ ಮೂರು ತಂಡ ನಡಿಸಬೇಕಾಗುವದು. ಈ ವಿಷಯದಲ್ಲಿ ಆತನ ಪಕ್ಷವೇ ಪೂರ್ಣವಾಗಿ ಸರಿಯೆಂದು ನಾವು ಹೇಳಲಾರೆವು. ಹತ್ತು ಗಂಟೆ ಕತ್ತಲೆಯಲ್ಲಿ ದುಡಿಯುವ ಹುಡುಗರ ಪರವಾಗಿ ಮಾತಾಡಿದವರಿಗೂ ನ್ಯಾಯವಿತ್ತು. ಆದರೆ ಕಾಯಿದೆಯು ೧೯೦೮ರಲ್ಲಿ ಆಗಿ, ೧೯೧೦ರಲ್ಲಿ ಆ ಸೀಮೆಯಲ್ಲಿ ಜಾರಿಗೆ ಬಂದಾಗ, ಆತನು ಹೆದರಿದ್ದು ಕೂಡ ನಿಜವಾಯಿತು. ತಂದೆ ಒಂದು ತಂಡ, ಹಿರಿಯ ಮಗ ಒಂದು ತಂಡ, ಕಿರಿಯ ಮಗ ಇನ್ನೊಂದು ತಂಡ. ಒಬ್ಬೊಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಅಡಿಗೆ ಮಾಡಿ ನೀರು ಕಾಯಿಸುವ ತಾಯಿಗೆ ಮಲಗುವದಕ್ಕೆ ಹೊತ್ತೇ ಇಲ್ಲದೆ ಹೋಯಿತು. ಮನೆಯವರೆಲ್ಲರೂ ಒಟ್ಟಾಗಿ ಊಟಕ್ಕೆ ಕೂರುವದು ತಪ್ಪಿತು. ಇದರ ನಿಮಿತ್ತ ಅನೇಕ ಊರುಗಳಲ್ಲಿ ಮುಷ್ಕರಗಳೆದ್ದವು. ಗಂಟೆಗಳ ಲೆಕ್ಕದಲ್ಲಿ ಗಣಿಯವನ ಮನೆಯನ್ನೂ ಸೇರಿಸಿ ನೋಡಿದವರಲ್ಲಿ ಬರ್ಟನು ಒಬ್ಬನು.

೧೯೦೮ರಲ್ಲಿ ದೇಶದ ಗಣಿಯವರ ಒಕ್ಕೂಟವು ಹೊಸದಾದ ಕಾರ್ಮಿಕ ಪಕ್ಷವನ್ನು ಸೇರಿತು. ತಮ್ಮ ಸದಸ್ಯರೆಲ್ಲರೂ ಅದರ ನಿಯಮಗಳಿಗೆ ರುಜು ಹಾಕಬೇಕೆಂದಾಗ ಬರ್ಟನು ಹಾಕಲಿಲ್ಲ. ತಾನು ಜೀವಮಾನವೆಲ್ಲಾ ಲಿಬರಲ್ ಪಕ್ಷದವನಾಗಿ ನಡೆದದ್ದರಿಂದ, ಸ್ಥಾನವನ್ನು ಉಳಿಸಿಕೊಳ್ಳುವದಕ್ಕಾಗಿ ಮುಪ್ಪಿನಲ್ಲಿ ಮನಸ್ಸಾಕ್ಷಿಯನ್ನು ಬದಲಾಯಿಸಲಾರದೆ ಹೋದನು. ಆದಾಗ್ಯೂ ಮಾರ್ಪೆತ್ತಿನವರು ೧೯೧೦ರಲ್ಲಿ ಆತನನ್ನೇ ತಿರಿಗಿ ಕಳುಹಿಸಿದರು. ಆತನ ಅಭಿಪ್ರಾಯವನ್ನು ಒಪ್ಪದವರೂ ಆತನ ಪ್ರಾಮಾಣಿಕತೆಯನ್ನು ಒಪ್ಪಿದರೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

೭. ವಿಶ್ರಾಂತಿ ಮತ್ತು ಮರಣ

ಪಾರ್ಲಿಮೆಂಟಿಗಾಗಿ ಆತನು ಲಂಡನ್ ಪಟ್ಟಣದಲ್ಲಿ ತಿಂಗಳುಗಟ್ಟಳೆ ಇರಬೇಕಾದರೂ ತನ್ನ ಮನೆಯನ್ನು ಉತ್ತರದಿಂದ ಕೀಳಲಿಲ್ಲ. ಮೇರಿಯೂ ಮಕ್ಕಳೂ ತಮ್ಮ ಸೀಮೆಯಲ್ಲಿಯೇ ಬಾಳಿದರು. ಸಭೆಯು ಮುಗಿದ ಕೂಡಲೆ ಆತನು ಅಲ್ಲಿಗೇ ತಿರುಗುವನು. ೧೮೯೫ರಲ್ಲಿ ನಾರ್ಥಂಬರ್ಲೆಂಡ್ ಗಣಿಯವರು ನ್ಯೂಕ್ಯಾಸಲಿನಲ್ಲಿ ತಮ್ಮ ಸಂಘಕ್ಕೆ ಒಂದು ಮಂದಿರ ಕಟ್ಟಿಸಿ ಅದಕ್ಕೆ ಬರ್ಟನ ಹೆಸರನ್ನೇ ಇಟ್ಟರು. ಅದರ ನೆತ್ತಿಯ ಮೇಲೆ ನಿಲ್ಲಿಸಿದ ವಿಗ್ರಹವು ಆತನದಲ್ಲ. ಕೆಲಸದ ಉಡುಪಿನ ಒಬ್ಬ ಸಾಧಾರಣ ಗಣಿಯವನದು. ಇದೇ ಆತನಿಗೆ ತಕ್ಕ ಮಾನವೆಂದು ನಮಗೆ ತೋರುತ್ತದೆ.

೧೯೧೩ರಲ್ಲಿ, ನಾಲ್ವತ್ತೆಂಟು ವರುಷ ಸೇವಿಸಿದ ಮೇಲೆ, ಆತನು ಸಂಘದ ಕೆಲಸವನ್ನು ಬಿಟ್ಟನು. ೧೯೧೮ರಲ್ಲಿ ಪಾರ್ಲಿಮೆಂಟನ್ನೂ ಬಿಟ್ಟನು. ೧೯೨೨ನೆಯ ಇಸವಿ ಏಪ್ರಿಲ್ ೧೩ರಂದು ನ್ಯೂಕ್ಯಾಸಲಿನಲ್ಲಿ ತೀರಿಕೊಂಡನು. ತಾನು ಬರೆಯುತ್ತಿದ್ದ ಸ್ವಂತ ಚರಿತ್ರೆಯನ್ನು ಒಬ್ಬ ಸ್ನೇಹಿತನು ಮುಗಿಸಿ ೧೯೨೪ರಲ್ಲಿ ಪ್ರಕಟಿಸಿದನು.

ಪ್ರಿಯ ವಾಚಕರೇ, ನಮ್ಮ ಹಳ್ಳಿಗಳಿಂದಲೂ ಹುಡುಗರು ಓದಿ ಪರೀಕ್ಷೆ ಗೆದ್ದು ಪಟ್ಟಣಗಳಿಗೆ ಹೋಗುತ್ತಾರೆ. ಅವರನ್ನು ಓದಿಸಿದ್ದು ಯಾರದೋ ಕೂಲಿ, ಯಾರದೋ ಬೆವರು. ಹೋದವರಲ್ಲಿ ಕೆಲವರಿಗೆ ತಾವು ಹುಟ್ಟಿದ ಕೇರಿಯ ಹೆಸರು ಹೇಳುವದಕ್ಕೆ ನಾಚಿಕೆ. ಇನ್ನು ಕೆಲವರು ಊರಿಗೆ ಬಂದರೂ ಜನರು ಕೇಳಬಯಸುವ ಮಾತನ್ನಾಡಿ ಹೊಗಳಿಕೆ ಪಡೆದು ಹೋಗುತ್ತಾರೆ. ಬರ್ಟನು ಈ ಎರಡು ದಾರಿಗಳಲ್ಲಿಯೂ ನಡೆಯಲಿಲ್ಲ. ಬಾಗಿಲಿನ ಬಳಿ ಕೂತ ಆ ಹುಡುಗನು ತನ್ನನ್ನು ಯಾರೂ ನೋಡದಿದ್ದರೂ ಹಗ್ಗವನ್ನು ಕೈಬಿಡಲಿಲ್ಲ. ಮುದುಕನಾಗುವ ತನಕವೂ ಬಿಡಲಿಲ್ಲ. ತಂದೆತಾಯಿಗಳೇ, ನಿಮ್ಮ ಮಕ್ಕಳನ್ನು ಓದಿಸಿರಿ. ಓದಿಸುವಾಗ ಈತನ ಚರಿತ್ರೆಯನ್ನೂ ಅವರಿಗೆ ಹೇಳಿರಿ.